ಅಡ್ಡಗೋಡೆ ಮೇಲೆ ದೀಪ ಇಡುವವರನ್ನು ಪ್ರೀತಿಸಿದಾಗ

ಕಡಲೆಕಾಯಿ ಪರಿಷೆಯ ಜನಜಂಗುಳಿಯಲ್ಲಿ ಬುಲ್ ಟೆಂಪಲ್ ರಸ್ತೆಯುದ್ದಕ್ಕೂ ಅವನು ನನ್ನ ಕೈ ಹಿಡಿದುಕೊಂಡೇ ನಡೆದಿದ್ದ. ಒಂದು ಸೇರು ಹಸಿ ಕಡಲೆಕಾಯಿ ಕೊಂಡು, ಸಿಪ್ಪೆ ಬಿಡಿಸಿ ಬಿಡಿಸಿ ನನ್ನ ಅಂಗೈಗೆ ಹಾಕುತ್ತಿದ್ದ. ಎದುರಿಗೆ ಅವನ ಆಫೀಸಿನವರೊಬ್ಬರು ಸಿಕ್ಕರು. ಕೈ ಬಿಟ್ಟ. "ನನ್ನ ಫ್ರೆಂಡ್" ಅಂದ. ಅವರು ಹೋದ ಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಹಿಡಿದುಕೊಂಡ. ಅದಾದ ಮೇಲೆ ಒಂಬತ್ತು ದಿನ ಒಂದು ಮೆಸೇಜಿಲ್ಲ. ಹತ್ತನೇ ದಿನ ರಾತ್ರಿ 11.40ಕ್ಕೆ "ಮಲಗಿದ್ಯಾ?"

ಆ ಒಂದು ಪದಕ್ಕೆ ನಾನು ವಿಜಯನಗರದ ಪೀಜಿ ಟೆರೇಸಿನಲ್ಲಿ, ಒಣಹಾಕಿದ ಬಟ್ಟೆಗಳ ಮಧ್ಯೆ ನಿಂತು, ಎರಡು ಗಂಟೆಯ ತನಕ ಮಾತಾಡಿದೆ. ಬೆಳಿಗ್ಗೆ ಎದ್ದಾಗ ಎಲ್ಲಾ ಸರಿಹೋಯಿತು ಅನ್ನಿಸಿತ್ತು. ಹೀಗೆ ಎರಡೂವರೆ ವರ್ಷ.

ಇದಕ್ಕೆ ನಮ್ಮಲ್ಲಿ ಹಳೇ ಮಾತಿದೆ, ಅಡ್ಡಗೋಡೆ ಮೇಲೆ ದೀಪ ಇಡೋದು ಅಂತ. ಈಗಿನವರು ಸಿಚುಯೇಶನ್‌ಶಿಪ್ ಅಂತಾರೆ, ಬರೀ ಗೆಳೆತನವೂ ಅಲ್ಲದ, ಜೋಡಿ ಅಂತ ಹೇಳಿಕೊಳ್ಳೋಕೂ ಆಗದ ಸಂಬಂಧಕ್ಕೆ. ಹೆಸರು ಏನಾದರೂ ಇರಲಿ, ಅದರೊಳಗೆ ಸಿಕ್ಕಿಕೊಂಡವರಿಗೆ ನಿದ್ದೆ ಕೆಡುತ್ತೆ, ಕೆಲಸ ಕೆಡುತ್ತೆ. ಮನೆಯವರು ತಂದ ಸಂಬಂಧಕ್ಕೆ ಹೂಂ ಅನ್ನೋಕಾಗಲ್ಲ, ಬೇಡ ಅನ್ನೋಕೆ ಕಾರಣ ಕೊಡೋಕೂ ಆಗಲ್ಲ. ನಾನು ಅದರಿಂದ ಹೊರಬಂದ ದಾರಿಯನ್ನು, ಆಮೇಲೆ ಗೆಳೆಯ ಗೆಳತಿಯರ ಜೊತೆ ಕೂತು ಅವರ ಗಂಟು ಬಿಡಿಸುವಾಗ ಕಲಿತದ್ದನ್ನು ಒಂದೊಂದೇ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಗಂಡಿಗೂ ಹೆಣ್ಣಿಗೂ ಇದು ಒಂದೇ. "ಅವನು" ಅಂತ ಬರೆದ ಕಡೆ ಬೇಕಾದವರು "ಅವಳು" ಅಂತ ಓದಿಕೊಳ್ಳಿ.

ಮೊದಲ ಹೆಜ್ಜೆ: ಕ್ಯಾಲೆಂಡರ್ ಮೇಲೆ ಬರೆಯಿರಿ

ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ನಿಮ್ಮ ಮನೆಯಲ್ಲೂ ಇರಬಹುದು. ನಮ್ಮಮ್ಮ ಅದರ ಚೌಕಗಳಲ್ಲಿ ಹಾಲು ಬರದ ದಿನ, ಹೊಸ ಸಿಲಿಂಡರ್ ಹಚ್ಚಿದ ದಿನ ಗುರುತು ಹಾಕುತ್ತಾಳೆ. ತಿಂಗಳ ಕೊನೆಗೆ ಹಾಲಿನವನ ಜೊತೆ ಜಗಳವೇ ಇರಲ್ಲ, ಲೆಕ್ಕ ಗೋಡೆ ಮೇಲೇ ಇರುತ್ತೆ. ನಾನೂ ಅದನ್ನೇ ಮಾಡಿದೆ. ರೂಮಿನ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ತೂಗುಹಾಕಿ ಆರು ವಾರ ಮೂರೇ ವಿಷಯ ಬರೆದೆ. ಇವತ್ತು ಮೊದಲು ಫೋನೋ ಮೆಸೇಜೋ ಮಾಡಿದ್ದು ಯಾರು, ಎಷ್ಟು ಹೊತ್ತಿಗೆ. ಏನು ಮಾಡೋಣ ಅಂತ ಹೇಳಿದ. ಅದನ್ನು ಮಾಡಿದನಾ.

ನಿಮಗೆ ಏನನ್ನಿಸಿತು ಅನ್ನೋದನ್ನು ಮಾತ್ರ ಬರೆಯಬೇಡಿ. "ಇವತ್ತು ಎಷ್ಟು ಪ್ರೀತಿಯಿಂದ ಮಾತಾಡಿದ" ಅನ್ನೋ ಸಾಲು ಬಂದರೆ ಲೆಕ್ಕ ಕೆಡುತ್ತೆ.

ಆರು ವಾರದ ನಂತರ ನನ್ನ ಕ್ಯಾಲೆಂಡರಿನಲ್ಲಿ ಕಂಡದ್ದು ಇಷ್ಟು: ಅವನಾಗಿ ಮಾಡಿದ ಫೋನುಗಳೆಲ್ಲ ರಾತ್ರಿ ಹನ್ನೊಂದರ ಮೇಲೆ. ಭಾನುವಾರ ಒಂದೂ ಇಲ್ಲ. ಹೇಳಿದ್ದು ಏಳು. ನಂದಿಬೆಟ್ಟ, ಅವನ ಅಕ್ಕನ ಮನೆ, ನನ್ನ ಹುಟ್ಟುಹಬ್ಬಕ್ಕೆ ಮೈಸೂರು, ಇನ್ನೂ ಏನೇನೋ. ಆದದ್ದು ಎರಡು, ಎರಡೂ ನಾನೇ ಬುಕ್ ಮಾಡಿದ್ದು. ಇದು ನನಗೆ ಮೊದಲೇ ಗೊತ್ತಿರಲಿಲ್ಲವಾ? ಇತ್ತು. ಆದರೆ ಮನಸ್ಸು ಸಿಹಿಯಾದ ಎರಡನ್ನು ಮುಂದೆ ತಂದು ಉಳಿದ ಐದನ್ನು ಹಿಂದಕ್ಕೆ ತಳ್ಳುತ್ತಿತ್ತು.

ಇದು ನಿಮ್ಮ ದೌರ್ಬಲ್ಯ ಅಂದುಕೊಳ್ಳಬೇಡಿ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು, ಕುಕ್ಕಿದಾಗ ಕಾಳು ಬೀಳುವ ಹಾಗೆ ಮಾಡಿ ಪ್ರಯೋಗ ಮಾಡಿದ್ದರು. ಸಹೋದ್ಯೋಗಿ ಫರ್ಸ್ಟರ್ ಜೊತೆ ಆ ಕೆಲಸವನ್ನೆಲ್ಲ 1957ರಲ್ಲಿ ದೊಡ್ಡ ಪುಸ್ತಕವಾಗಿ ತಂದರು. ಕುಕ್ಕಿದಾಗಲೆಲ್ಲ ಕಾಳು ಸಿಕ್ಕಿದ ಹಕ್ಕಿ, ಕಾಳು ನಿಂತಾಗ ಬೇಗ ಸುಮ್ಮನಾಗುತ್ತೆ. ಯಾವಾಗಲೋ ಒಮ್ಮೆ, ಯಾವಾಗ ಅಂತ ಗೊತ್ತಾಗದ ಹಾಗೆ ಸಿಕ್ಕಿದ ಹಕ್ಕಿ, ಪೂರ್ತಿ ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತೆ. ಒಂಬತ್ತು ದಿನದ ಮೌನದ ಆಮೇಲೆ ಬಂದ "ಮಲಗಿದ್ಯಾ?" ನನಗೆ ಅಷ್ಟು ಸಿಹಿಯಾಗಿದ್ದು ಆ ಒಂಬತ್ತು ದಿನದಿಂದಲೇ. ದಿನಾ ಫೋನ್ ಮಾಡುವವನಾಗಿದ್ದರೆ ಆ ಪದಕ್ಕೆ ನಾನು ಎದ್ದು ಕೂರುತ್ತಲೂ ಇರಲಿಲ್ಲ.

ಎರಡನೆಯದು: ಅರ್ಥ ಬಿಡಿಸುವುದನ್ನು ನಿಲ್ಲಿಸಿ

ಲಾಸ್ಟ್ ಸೀನ್ ನೋಡೋದು, ಬ್ಲೂ ಟಿಕ್ ಬಿದ್ದು ಎಷ್ಟು ಹೊತ್ತಾಯಿತು ಅಂತ ಎಣಿಸೋದು, ಸ್ಟೇಟಸ್ಸಿಗೆ ಹಾಕಿದ ಹಾಡು ನನಗಾ ಅಂತ ಯೋಚಿಸೋದು, ಸ್ಕ್ರೀನ್‌ಶಾಟ್ ತೆಗೆದು ಗೆಳತಿಯರ ಗ್ರೂಪಿಗೆ ಕಳಿಸಿ "ಇದರರ್ಥ ಏನ್ರೇ?" ಅಂತ ಕೇಳೋದು. ಇವಕ್ಕೆ ಹೋಗುವ ಹೊತ್ತನ್ನು ಒಂದು ವಾರ ಅಳೆದು ನೋಡಿ.

ವಾಟ್ಸಾಪಿನಲ್ಲಿ ಒಂದು ದಾರಿ ಇದೆ. ಪ್ರೈವಸಿ ಸೆಟ್ಟಿಂಗಿಗೆ ಹೋಗಿ ನಿಮ್ಮ ರೀಡ್ ರಿಸೀಟ್ ಆಫ್ ಮಾಡಿದರೆ ಅವರು ಓದಿದ್ದೂ ನಿಮಗೆ ಕಾಣೋದಿಲ್ಲ. ನಿಮ್ಮ ಲಾಸ್ಟ್ ಸೀನ್ ಮುಚ್ಚಿಟ್ಟರೆ ಅವರದ್ದೂ ಕಾಣೋದಿಲ್ಲ. ಇದನ್ನು ಅವರಿಗೆ ಪಾಠ ಕಲಿಸೋಕೆ ಮಾಡಬೇಡಿ, ನಿಮ್ಮ ಕಣ್ಣಿಗೆ ರಜೆ ಕೊಡೋಕೆ ಮಾಡಿ.

ಇನ್ನೊಂದು ಮಾತು. ರೀಲ್ಸ್ ನೋಡಿ ನೋಡಿ ಈಗ ಎಲ್ಲರ ಬಾಯಲ್ಲೂ "ಅವನು ಅವಾಯ್ಡೆಂಟ್ ಕಣೆ" ಅನ್ನೋದು ಬಂದಿದೆ. ಆ ಮಾತಿಗೆ ಹಿಂದೆ ನಿಜವಾದ ಅಧ್ಯಯನ ಇದೆ. ತಾಯಿ ಮಗುವಿನ ನಂಟಿನ ಬಗ್ಗೆ ಜಾನ್ ಬೌಲ್ಬಿ, ಮೇರಿ ಐನ್ಸ್‌ವರ್ತ್ ಮಾಡಿದ ಕೆಲಸವನ್ನು 1987ರಲ್ಲಿ ಹೇಜನ್ ಮತ್ತು ಶೇವರ್ ಅನ್ನೋ ಇಬ್ಬರು ಮನೋವಿಜ್ಞಾನಿಗಳು ವಯಸ್ಕರ ಪ್ರೀತಿಗೂ ಹೊಂದಿಸಿ ನೋಡಿದರು. ಹತ್ತಿರ ಬಂದಷ್ಟೂ ಉಸಿರು ಕಟ್ಟಿದಂತಾಗಿ ಹಿಂದೆ ಸರಿಯುವವರು ನಿಜವಾಗಿ ಇದ್ದಾರೆ, ಅವರೂ ನೋವಿನಲ್ಲೇ ಇರುತ್ತಾರೆ. ಆದರೆ ಆ ಹೆಸರು ಸಿಕ್ಕ ಮೇಲೆ ನಾವು ಮಾಡೋದೇನು? "ಪಾಪ, ಅವನ ಬಾಲ್ಯ ಹಾಗಿತ್ತು" ಅಂತ ಇನ್ನೊಂದು ವರ್ಷ ಕಾಯ್ತೀವಿ. ಅವರ ಬಾಲ್ಯದ ಗಾಯಕ್ಕೆ ಮದ್ದು ಹಾಕಿಸಿಕೊಳ್ಳಬೇಕಾದವರು ಅವರೇ. ನೀವು ಕಾಯುವುದು ಚಿಕಿತ್ಸೆಯಲ್ಲ.

ಮೂರನೆಯದು: ಕಷ್ಟ ಇದೆಯಾ, ಮನಸ್ಸಿಲ್ಲವಾ?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು. ನಮ್ಮ ಕಡೆ ಪ್ರೀತಿಸಿದವರು ಮದುವೆಗೆ ಹಿಂಜರಿಯೋದಕ್ಕೆ ನಿಜವಾದ ಕಾರಣಗಳೇ ಬೇಕಾದಷ್ಟಿವೆ. ಜಾತಿ ಬೇರೆ. ಮದುವೆಯಾಗದ ಅಕ್ಕ ಮನೆಯಲ್ಲಿದ್ದಾಳೆ. ಅಪ್ಪನಿಗೆ ಈಗಷ್ಟೇ ಸ್ಟೆಂಟ್ ಹಾಕಿದ್ದಾರೆ. ತಂಗಿಯ ಕಾಲೇಜು ಫೀಸು ಇವನ ಸಂಬಳದಲ್ಲೇ ಹೋಗಬೇಕು. ಇಂಥವರನ್ನು "ಕಮಿಟ್ ಆಗಲ್ಲ" ಅಂತ ದೂರುವುದು ಅನ್ಯಾಯ.

ಹಾಗೆಯೇ ಕಾರಣಗಳ ಸರಪಣಿಯೂ ಇರುತ್ತೆ. ಆಷಾಢ ಕಳೀಲಿ ಮನೇಲಿ ಹೇಳ್ತೀನಿ. ಶ್ರಾವಣ ಬಂತು, ಅಪ್ರೈಸಲ್ ಆಗ್ಲಿ. ಅದಾಯಿತು, ಆನ್‌ಸೈಟ್ ಹೋಗಿ ಬಂದ್ಬಿಡ್ತೀನಿ. ಬಂದಾಯಿತು, ಈಗ ಧನುರ್ಮಾಸ. ಪ್ರತಿ ಸಲವೂ ಒಂದೊಂದು ನಂಬುವಂಥ ಕಾರಣ, ಮೂಗಿಗೆ ತುಪ್ಪ ಸವರಿದ ಹಾಗೆ. ವಾಸನೆ ಬರುತ್ತೆ, ನಾಲಿಗೆಗೆ ಎಟಕಲ್ಲ.

ಎರಡನ್ನೂ ಬೇರೆ ಮಾಡೋದು ಹೇಗೆ? ನಾನು ಕಂಡಂತೆ, ನಿಜವಾಗಿ ಕಷ್ಟ ಇರುವವರು ಆ ಕಷ್ಟದೊಳಗೆ ನಿಮ್ಮನ್ನು ಕರೆದುಕೊಳ್ಳುತ್ತಾರೆ. ಅಕ್ಕನ ಮದುವೆ ಮಾತುಕತೆ ಎಲ್ಲಿಗೆ ಬಂತು, ಅಪ್ಪನ ಸ್ಕ್ಯಾನಿಂಗಿನಲ್ಲಿ ಏನು ಬಂತು, ಸಾಲ ಎಷ್ಟು ಉಳಿದಿದೆ, ಎಲ್ಲಾ ನಿಮಗೆ ಗೊತ್ತಿರುತ್ತೆ. ಮನೆಯಲ್ಲಿ ಒಬ್ಬರಿಗಾದರೂ, ಅಣ್ಣನಿಗೋ ಅತ್ತಿಗೆಗೋ, ನಿಮ್ಮ ಹೆಸರು ಗೊತ್ತಿರುತ್ತೆ. ಕಾರಣ ಒಂದೇ ಇರುತ್ತೆ, ಅದು ನಿಧಾನವಾಗಿಯಾದರೂ ಕರಗುತ್ತಾ ಹೋಗುತ್ತೆ. ಮನಸ್ಸಿಲ್ಲದವರ ಕಷ್ಟ ಮಾತ್ರ ಮುಚ್ಚಿದ ಬಾಗಿಲು. "ನಮ್ಮನೇದು ನಿಂಗೆ ಅರ್ಥ ಆಗಲ್ಲ ಬಿಡು" ಅಂತಾರೆ, ಅಲ್ಲಿಗೆ ಮಾತು ಮುಗೀತು.

ಜಾತಿ ಅಡ್ಡ ಇದ್ದರೆ ಇನ್ನೊಂದು ಗುರುತು. ಬೇರೆ ಬೇರೆ ಧರ್ಮದವರೂ ಮದುವೆಯಾಗಬಹುದಾದ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಇಬ್ಬರಲ್ಲಿ ಒಬ್ಬರು ಕನಿಷ್ಠ 30 ದಿನ ವಾಸವಿದ್ದ ಜಿಲ್ಲೆಯಲ್ಲಿ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು, ನಮ್ಮಲ್ಲಿ ಅದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಗುವ ಕೆಲಸ. ನೋಟಿಸನ್ನು ಕಚೇರಿಯಲ್ಲಿ ಹಾಕುತ್ತಾರೆ, 30 ದಿನ ಆಕ್ಷೇಪಣೆಗೆ ಅವಕಾಶ, ಆಮೇಲೆ ಮೂವರು ಸಾಕ್ಷಿಗಳ ಮುಂದೆ ಮದುವೆ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಇದನ್ನೇ ಮಾಡಿ ಅಂತ ನಾನು ಹೇಳುತ್ತಿಲ್ಲ, ಮನೆಯವರನ್ನು ಒಪ್ಪಿಸುವುದಕ್ಕೆ ವರ್ಷಗಟ್ಟಲೆ ಹಿಡಿಯಬಹುದು, ಕೆಲವು ಕಡೆ ಜೀವಭಯವೂ ಇರುತ್ತೆ. ಆದರೆ ನಿಮ್ಮ ಜೊತೆ ಬಾಳಬೇಕು ಅಂದುಕೊಂಡವರು ಒಂದು ದಿನವಾದರೂ ಇದನ್ನು ವಿಚಾರಿಸಿರುತ್ತಾರೆ. ವಿಚಾರಿಸಿ, ಹೆದರಿ, ನಿಮ್ಮ ಹತ್ತಿರ ಆ ಹೆದರಿಕೆ ಹೇಳಿಕೊಂಡಿರುತ್ತಾರೆ.

ನಾಲ್ಕನೆಯದು: ನಿಮಗೇನು ಬೇಕು?

ಕೇಳುವ ಮೊದಲು ಇದನ್ನು ಒಂದು ಸಾಲಿನಲ್ಲಿ ಕಾಗದದ ಮೇಲೆ ಬರೆಯಿರಿ. ಒಂದು ವರ್ಷದೊಳಗೆ ಮದುವೆಯಾ? ಮದುವೆ ಬೇಡ, ಆದರೆ ನಾವಿಬ್ಬರು ಜೋಡಿ ಅಂತ ನಾಲ್ಕು ಜನಕ್ಕೆ ಗೊತ್ತಾಗಬೇಕಾ? ಬರೀ ಜೊತೆಗಿರೋದೇ ಸಾಕಾ? ಮೂರನೆಯದೂ ತಪ್ಪಲ್ಲ, ನಿಜವಾಗಿ ಸಾಕು ಅನ್ನಿಸಿದರೆ. ಮದುವೆ ಬೇಕು ಅಂತ ಒಳಗೆ ಉರಿಯುತ್ತಾ "ನಂಗೂ ಕ್ಯಾಶುಯಲ್ ಆಗಿರೋದೇ ಇಷ್ಟ" ಅಂತ ನಗುವುದು ಮಾತ್ರ ಬೇಡ. ನಾನು ಹಾಗಂದಿದ್ದೆ. ಅದನ್ನು ನಂಬಿದ್ದಕ್ಕೆ ಅವನನ್ನು ಬೈಯುವ ಹಕ್ಕು ನನಗಿರಲಿಲ್ಲ.

ಐದನೆಯದು: ಒಂದೇ ಸಲ, ನೇರವಾಗಿ ಕೇಳಿ

ಎಲ್ಲಕ್ಕಿಂತ ಹೆದರಿಕೆಯ ಹೆಜ್ಜೆ ಇದು. ಉತ್ತರ ಏನು ಬರುತ್ತೋ ಅನ್ನೋ ಭಯಕ್ಕೇ ಜನ ವರ್ಷಗಟ್ಟಲೆ ಮುಂದಕ್ಕೆ ಹಾಕುತ್ತಾರೆ.

ರಾತ್ರಿ ಬೇಡ, ಫೋನಿನಲ್ಲಿ ಬೇಡ, ಜಗಳದ ಮಧ್ಯೆ ಬೇಡ, ಗೆಳೆಯರ ಮದುವೆಯಿಂದ ವಾಪಸ್ ಬರುವಾಗಲಂತೂ ಬೇಡವೇ ಬೇಡ, ಆಗ ಎಲ್ಲರ ಮನಸ್ಸೂ ಮೆತ್ತಗಿರುತ್ತೆ. ಬೆಳಗಿನ ಹೊತ್ತು, ಸುತ್ತ ಜನ ಇರುವ ಆದರೆ ಮಾತು ಕೇಳಿಸದ ಜಾಗ ಒಳ್ಳೆಯದು. ನಾನು ಲಾಲ್‌ಬಾಗಿಗೆ ಕರೆದಿದ್ದೆ, ಕೆರೆ ಏರಿ ಪಕ್ಕದ ಕಲ್ಲುಬೆಂಚಿಗೆ. ಎದುರಾ ಬದುರಾ ಕೂರುವ ಹೋಟೆಲ್ ಟೇಬಲ್ಲಿಗಿಂತ ಪಕ್ಕಪಕ್ಕ ಕೂತರೆ ಇಬ್ಬರಿಗೂ ಮಾತು ಸುಲಭ.

ಮಾತು ಚಿಕ್ಕದಿರಲಿ. ನಾನು ಹಿಂದಿನ ರಾತ್ರಿ ಬರೆದು ಬಾಯಿಪಾಠ ಮಾಡಿದ್ದು ಇಷ್ಟೇ: "ನಂಗೆ ನೀನು ಇಷ್ಟ. ಮುಂದಿನ ವರ್ಷದೊಳಗೆ ಮದುವೆ ಆಗ್ಬೇಕು ಅಂತಿದೀನಿ, ನಿನ್ನ ಜೊತೆ. ನಿಂಗೂ ಹಾಗೇ ಇದ್ರೆ ಈ ಎರಡು ತಿಂಗಳಲ್ಲಿ ನಿಮ್ಮ ಅಕ್ಕನಿಗೆ ನನ್ನ ವಿಷಯ ಹೇಳು. ಇಲ್ದಿದ್ರೆ ಅದನ್ನೂ ಹೇಳು, ನಾನು ಜಗಳ ಮಾಡಲ್ಲ."

ಇದರಲ್ಲಿ ಗಮನಿಸಬೇಕಾದದ್ದು ಮೂರು. ಹಳೇ ದೂರು ಒಂದೂ ಇಲ್ಲ; ಪರಿಷೆಯ ದಿನ ಕೈ ಬಿಟ್ಟದ್ದನ್ನು ತೆಗೆದಿದ್ದರೆ ಮಾತು ಅದರ ಸುತ್ತಲೇ ಸುತ್ತಿ ಮುಗಿಯುತ್ತಿತ್ತು. "ನನ್ನನ್ನ ನಿಜವಾಗ್ಲೂ ಪ್ರೀತಿಸ್ತೀಯಾ?" ಅನ್ನೋ ಪ್ರಶ್ನೆ ಇಲ್ಲ, ಯಾಕಂದರೆ ಅದಕ್ಕೆ ಹೂಂ ಅನ್ನೋದು ಸುಲಭ. ಕಣ್ಣಿಗೆ ಕಾಣುವ ಒಂದು ಕೆಲಸ ಇದೆ, ಅದಕ್ಕೊಂದು ಗಡುವಿದೆ. ಕೆಲಸ ಚಿಕ್ಕದಿರಬೇಕು. "ನಿಮ್ಮಪ್ಪನನ್ನು ಒಪ್ಪಿಸು" ಅನ್ನೋದು ಅವನ ಕೈಯಲ್ಲಿಲ್ಲ. ಅಕ್ಕನಿಗೆ ಹೇಳೋದು ಇದೆ.

ಕೇಳಿದ ಮೇಲೆ ಸುಮ್ಮನಿರಿ. ನಾವು ತಪ್ಪೋದೇ ಇಲ್ಲಿ. ಅವರು ತಲೆ ತಗ್ಗಿಸಿ ಕೂತರೆ ಆ ಮೌನ ತಡೆಯೋಕಾಗದೆ "ಪರ್ವಾಗಿಲ್ಲ, ಈಗ್ಲೇ ಹೇಳ್ಬೇಕಂತಿಲ್ಲ" ಅಂದುಬಿಡ್ತೀವಿ. ಅಲ್ಲಿಗೆ ಅವರು ಪಾರು, ನಾವು ಮತ್ತೆ ಟೆರೇಸಿಗೆ. ನಾನು ಆವತ್ತು ಕೆರೆಯಲ್ಲಿದ್ದ ಕೊಕ್ಕರೆ ನೋಡುತ್ತಾ ಬಾಯಿ ಮುಚ್ಚಿಕೊಂಡಿದ್ದೆ. ಅದು ಒಂದು ಕಾಲು ಬದಲಾಯಿಸುವಷ್ಟು ಹೊತ್ತಾಯಿತು.

ಉತ್ತರ "ಆಗಲ್ಲ" ಅಂತ ಬಂದರೆ ಅದು ಗೌರವದ ಉತ್ತರ. ನೋವಾಗುತ್ತೆ, ಆದರೆ ನಿಮ್ಮ ಸಮಯ ನಿಮಗೆ ವಾಪಸ್ ಕೊಟ್ಟಿದ್ದಾರೆ. "ಹೇಳ್ತೀನಿ" ಅಂತ ಬಂದರೆ ಸಂತೋಷಪಡಿ, ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ, ಮಧ್ಯೆ ನೆನಪಿಸಬೇಡಿ. "ಈಗ್ಲೇ ಏನೂ ಹೇಳೋಕಾಗಲ್ಲ ಕಣೆ, ಹಿಂಗೇ ಚೆನ್ನಾಗಿದೀವಲ್ಲ" ಅಂತ ಬಂದರೆ, ನನಗೆ ಬಂದದ್ದು ಅದೇ, ಅದನ್ನೂ ಒಂದು ಉತ್ತರ ಅಂತಲೇ ತೆಗೆದುಕೊಳ್ಳಿ. "ಹಿಂಗೇ" ಇರೋದು ಅವರಿಗೆ ಚೆನ್ನಾಗಿದೆ. ನಿಮಗೆ ಚೆನ್ನಾಗಿಲ್ಲ ಅಂತ ಈಗಷ್ಟೇ ಹೇಳಿದ್ದೀರಿ. ಅತ್ತರೆ, ಸಿಟ್ಟಾದರೆ, "ನಂಗೆ ಪ್ರೆಷರ್ ಹಾಕ್ತಿದೀಯ" ಅಂದರೆ ಇನ್ನೊಂದೇ ಸಲ ಹೇಳಿ: "ಬಲವಂತ ಇಲ್ಲ. ನಿನ್ನ ಉತ್ತರ ಗೊತ್ತಾದ್ರೆ ನನ್ನ ದಾರಿ ನಾನು ನೋಡ್ಕೋತೀನಿ." ಮೂರನೇ ಸಲ ಬೇಡ.

ಆರನೆಯದು: ಗಡುವು ಮುಗಿದ ದಿನ

1990ರ ದಶಕದಲ್ಲಿ ನಮ್ಮ ಊರುಗಳಲ್ಲಿ ಬಾಗಿಲ ಮೇಲೆ ಸುಣ್ಣದಲ್ಲಿ "ನಾಳೆ ಬಾ" ಅಂತ ಬರೆಯುತ್ತಿದ್ದರಲ್ಲ, ರಾತ್ರಿ ಬಂದ ದೆವ್ವ ಓದಿಕೊಂಡು ವಾಪಸ್ ಹೋಗಲಿ ಅಂತ. ಅದು ಮಾರನೇ ದಿನವೂ ಬರಬೇಕು, ಮತ್ತೆ ಅದೇ ಓದಬೇಕು. ಗಡುವಿನ ದಿನವನ್ನು ನೀವೇ ಒಂದು ವಾರ ಮುಂದೂಡಿದರೆ ಆ ಬಾಗಿಲ ಮುಂದೆ ನೀವೇ ನಿಂತ ಹಾಗೆ. ಆ ದಿನ ಬೆಳಿಗ್ಗೆ ಚಿಕ್ಕ ಮೆಸೇಜ್ ಸಾಕು: "ಎರಡು ತಿಂಗಳಾಯ್ತು. ನಾನು ಹೊರಡ್ತೀನಿ. ಚೆನ್ನಾಗಿರು." ಉತ್ತರಕ್ಕೆ ಕಾಯಬೇಡಿ.

ಆಮೇಲಿನ ಕೆಲಸಗಳು ಬೇಗ ಮುಗಿಸಿ. ಚಾಟ್ ಅಳಿಸೋಕೆ ಮನಸ್ಸು ಬರದಿದ್ದರೆ ಆರ್ಕೈವ್ ಮಾಡಿ ಮ್ಯೂಟ್ ಮಾಡಿ. ಪುಸ್ತಕ, ಚಾರ್ಜರ್, ಹೆಲ್ಮೆಟ್ಟು ಒಬ್ಬ ಗೆಳೆಯನ ಕೈಲಿ ಕಳಿಸಿ, "ಕೊಡೋಕೆ ಬರ್ತೀನಿ" ಅನ್ನೋ ಭೇಟಿ ಬೇಡ. ದುಡ್ಡು ಕೊಟ್ಟಿದ್ದರೆ ಯುಪಿಐ ವಿವರ ಇಟ್ಟುಕೊಂಡು ಮೊತ್ತ ಬರೆದು ಒಂದೇ ಮೆಸೇಜಿನಲ್ಲಿ ಕೇಳಿ; ಪ್ರೀತಿ ಮುಗಿಯಿತು ಅಂತ ಸಾಲ ಮನ್ನಾ ಆಗೋದಿಲ್ಲ.

ಮದುವೆಯ ಮಾತು ಕೊಟ್ಟು ದೈಹಿಕ ಸಂಬಂಧ ಬೆಳೆಸಿದ್ದರೆ ಹೆಣ್ಣುಮಕ್ಕಳು ಕಾನೂನು ತಿಳಿದಿರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಂ, ನೆರವೇರಿಸುವ ಉದ್ದೇಶವೇ ಇಲ್ಲದೆ ಮದುವೆಯ ಭರವಸೆ ಕೊಟ್ಟು ಸಂಬಂಧ ಬೆಳೆಸುವುದನ್ನು 10 ವರ್ಷದವರೆಗೆ ಶಿಕ್ಷೆಯ ಅಪರಾಧ ಅನ್ನುತ್ತೆ. ಆದರೆ ಮೊದಲಿಂದಲೇ ಮೋಸದ ಉದ್ದೇಶ ಇದ್ದದ್ದು ಬೇರೆ, ನಿಜವಾಗಿ ಮಾತು ಕೊಟ್ಟು ಆಮೇಲೆ ಮುರಿದದ್ದು ಬೇರೆ ಅಂತ ಸುಪ್ರೀಂ ಕೋರ್ಟು ಈ ಕಲಂ ಬರುವ ಮೊದಲೇ, 2019ರ ಒಂದು ತೀರ್ಪಿನಲ್ಲಿ ಬಿಡಿಸಿ ಹೇಳಿದೆ. ಹಾಗಾಗಿ ಅಡ್ಡಗೋಡೆ ದೀಪವೆಲ್ಲ ಅಪರಾಧವಲ್ಲ. ಮೋಸ ಅಂತ ಖಚಿತವಾಗಿದ್ದರೆ ಚಾಟ್ ಅಳಿಸುವ ಮೊದಲು ವಕೀಲರನ್ನು ಕಾಣಿ. ಫೋಟೋ ಇಟ್ಟುಕೊಂಡು ಹೆದರಿಸಿದರೆ, ಬೇಡ ಅಂದ ಮೇಲೂ ಹಿಂದೆ ಬಿದ್ದರೆ 112ಕ್ಕೆ ಕರೆ ಮಾಡಿ.

ಮೊದಲ ಕೆಲವು ವಾರ ಮೈಗೆ ಹುಷಾರಿಲ್ಲದ ಹಾಗೇ ಇರುತ್ತೆ. ನನಗೆ ರಾತ್ರಿ 11.40ರ ಹೊತ್ತಿಗೆ ಎಚ್ಚರವಾಗುತ್ತಿತ್ತು. ಆ ಹೊತ್ತಿಗೆ ಫೋನು ರೂಮ್‌ಮೇಟ್ ಕೈಲಿ ಕೊಟ್ಟು ಮಲಗುತ್ತಿದ್ದೆ. ಅವಳು ಏನೂ ಕೇಳದೆ ದಿಂಬಿನ ಕೆಳಗಿಟ್ಟುಕೊಳ್ಳುತ್ತಿದ್ದಳು. ಭಾನುವಾರ ಸಂಜೆಗೆ ಮೊದಲೇ ಯಾರ ಮನೆಗಾದರೂ ಹೋಗೋದು ಅಂತ ಗೊತ್ತುಮಾಡಿಕೊಳ್ಳಿ. ಊಟ ಸೇರದೆ, ನಿದ್ದೆ ಬಾರದೆ ಎರಡು ವಾರ ದಾಟಿದರೆ, ಬದುಕೇ ಬೇಡ ಅನ್ನಿಸಿದರೆ ಅದೇ ಗಳಿಗೆಯಲ್ಲಿ, ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಇಪ್ಪತ್ನಾಲ್ಕು ಗಂಟೆಯೂ ಸಿಗುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ವಾಪಸ್ ಬಂದರೆ

ಬಹಳ ಸಲ ಬರುತ್ತಾರೆ. "ನಿನ್ನನ್ನ ತುಂಬಾ ಮಿಸ್ ಮಾಡ್ಕೋತಿದೀನಿ" ಅಂತ ಬರುತ್ತೆ, ಎದೆ ಹೊಡೆದುಕೊಳ್ಳುತ್ತೆ. ಆಗ ಕೇಳಬೇಕಾದ್ದು ಒಂದೇ, ಹೋದ ಸಲ ಕೇಳಿದ ಆ ಚಿಕ್ಕ ಕೆಲಸ ಮಾಡಿ ಬಂದಿದ್ದಾರಾ? "ಮಾಡ್ತೀನಿ" ಅಲ್ಲ. "ಅಕ್ಕನಿಗೆ ಹೇಳಿ, ಆಮೇಲೆ ಫೋನ್ ಮಾಡು" ಅಂತ ಹೇಳಿ ಇಡಿ.

ನನ್ನ ಗೆಳೆಯನೊಬ್ಬ, ಹಾಸನದ ಕಡೆಯವನು, ತಾನು ಪ್ರೀತಿಸಿದ ಹುಡುಗಿಗೆ ಇದೇ ರೀತಿ ಗಡುವು ಕೊಟ್ಟು, ಅದು ದಾಟಿದ ಮೇಲೆ ಎದ್ದು ಬಂದಿದ್ದ. ಎಂಟು ತಿಂಗಳಾದ ಮೇಲೆ ಅವಳು ಫೋನ್ ಮಾಡಿದಾಗ ಮೊದಲು ಹೇಳಿದ್ದೇ "ಅಪ್ಪಂಗೆ ಹೇಳ್ದೆ, ಮೂರು ದಿನ ಮಾತಾಡಿಲ್ಲ ನನ್ನ ಹತ್ರ, ಇವತ್ತು ನಿನ್ನ ಊರು ಯಾವ್ದು ಅಂತ ಕೇಳಿದ್ರು" ಅಂತ. ಅವರ ಮದುವೆಗೆ ಸಾಕ್ಷಿ ಸಹಿ ಹಾಕಿದ ಮೂವರಲ್ಲಿ ನಾನೂ ಒಬ್ಬಳು.

ನನಗೆ ಬಂದದ್ದು ಎರಡು ಮೆಸೇಜ್, ಮಾರ್ಚ್‌ನಲ್ಲಿ ಒಂದು, ದಸರಾ ರಜೆಯಲ್ಲಿ ಒಂದು. ಎರಡರಲ್ಲೂ "ಮಲಗಿದ್ಯಾ?" ಅಂತಲೇ ಇತ್ತು. ಬೆಳಿಗ್ಗೆ ನೋಡಿದೆ. ಮಲಗಿದ್ದೆ.